ಖಾನಾಪುರದ ಮಣ್ಣಿನ ಹಂಚು

ಕುಂಬಾರನ ಕೈಗೆ ಅತಿ ಕಷ್ಟದ ಆಕಾರ ಯಾವುದು ಎಂದರೆ ಹೆಚ್ಚಿನವರು ಸಣ್ಣ ಕುತ್ತಿಗೆಯ ಹೂಜಿಯನ್ನೋ ಆಳೆತ್ತರದ ಗುಡಾಣವನ್ನೋ ಹೇಳುತ್ತಾರೆ. ಖಾನಾಪುರದ ಹಿರಿಯ ಕುಂಬಾರರೊಬ್ಬರು ಬೆರಳು ಮಾಡಿ ತೋರಿಸಿದ್ದು ರೊಟ್ಟಿ ಸುಡುವ ಹಂಚನ್ನು. ಗೇಣಿಗಿಂತ ತುಸು ಹೆಚ್ಚು ಅಗಲ, ಎದ್ದೂ ಏಳದಂಥ ಅಂಚು, ಅದರಾಚೆಗೆ ಬರೀ ಬಯಲು.

“ಗಡಿಗಿ ಮಾಡೂದು ಯಾರರೆ ಕಲೀತಾರ್ರಿ ಅಕ್ಕಾರ. ಹಂಚು ಹಂಗಲ್ಲ. ತಿಗರಿ ಮ್ಯಾಗ ಇದ್ದಾಗ ಸುಮ್ನಿರತೈತಿ, ಒಣಗೂವಾಗ ಮೋಸ ಮಾಡತೈತಿ” ಎಂದರು ಅಜ್ಜ.

ಮೋಸ ಎಲ್ಲಿದೆ ಎಂಬುದನ್ನು ಅವರು ಒಂದು ಹಸಿ ಹಂಚಿನ ಮೇಲೆ ಅಂಗೈ ಆಡಿಸುತ್ತ ವಿವರಿಸಿದರು. ಜೇಡಿಮಣ್ಣಿನ ನೀರು ಆರಿದಂತೆ ಪಾತ್ರೆ ಕುಗ್ಗುತ್ತದೆ. ಸಾಮಾನ್ಯವಾಗಿ ಶೇಕಡಾ 5ರಿಂದ 8ರಷ್ಟು. ಗಡಿಗೆಯ ಮೈ ದುಂಡಗಿರುವುದರಿಂದ ಈ ಎಳೆತವನ್ನು ಸುತ್ತಲೂ ಹಂಚಿಕೊಂಡು ತಾಳಿಕೊಳ್ಳುತ್ತದೆ. ಚಪ್ಪಟೆ ಹಂಚಿಗೆ ಆ ಅನುಕೂಲವಿಲ್ಲ. ಗಾಳಿಗೆ ತೆರೆದ ಅಂಚು ಮೊದಲು ಒಣಗಿ ಬಿಗಿಯುತ್ತದೆ, ನಡುಭಾಗ ಇನ್ನೂ ಹಸಿ. ಅಂಚು ಒಂದು ಕಡೆ, ನಡುವು ಒಂದು ಕಡೆ ಎಳೆದಾಡಿ ಹಂಚು ಸೊಟ್ಟಗಾಗುತ್ತದೆ, ಇಲ್ಲವೇ ನಟ್ಟನಡುವೆ ಸೀಳುತ್ತದೆ. ಅದಕ್ಕೇ ಅಂಚಿಗೆ ಒದ್ದೆ ಬಟ್ಟೆ ಸುತ್ತಿ ನಡುಭಾಗವನ್ನು ಮಾತ್ರ ಗಾಳಿಗೆ ಬಿಡುತ್ತಾರೆ. ಬಿಸಿಲು ತಾಗದ ಮೂಲೆಯಲ್ಲಿಟ್ಟು ಮಗುಚಿ ಹಾಕುತ್ತಾರೆ, ಮತ್ತೆ ಮಗುಚುತ್ತಾರೆ. ತುಸು ಬಿಗಿತ ಬಂದ ಮೇಲೆ ಮರದ ಬಡಿಗೆಯಿಂದ ಮೆಲ್ಲಗೆ ಬಡಿದು ಮಟ್ಟ ಮಾಡುತ್ತಾರೆ. ಆ ಬಡಿತ ಎಷ್ಟು ಹಗುರವೆಂದರೆ ಪಕ್ಕದಲ್ಲಿ ಕೂತ ನನಗೆ ಅದು ಕೇಳಿಸಿದ್ದಕ್ಕಿಂತ ಕಂಡದ್ದೇ ಹೆಚ್ಚು.

ಹಂಚಿನ ಮಣ್ಣಿಗೆ ಮರಳು ಬೆರೆಸಲೇಬೇಕು. ನುಣುಪು ಮಣ್ಣಿನ ಹಂಚು ನೋಡಲು ಚೆಂದ, ಒಲೆಯ ಮೇಲೆ ಬಾಳುವುದಿಲ್ಲ. ಬಿಸಿಗೆ ಹುಟ್ಟಿದ ಕೂದಲೆಳೆಯ ಬಿರುಕು ಮರಳ ಕಾಳಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಕಾಳಿಲ್ಲದಿದ್ದರೆ ಅಂಚಿನವರೆಗೂ ಓಡುತ್ತದೆ. ಆದರೆ ಅದೇ ಮರಳಿನಿಂದ ಆವಿಗೆಯಲ್ಲಿ ಅಪಾಯವೂ ಇದೆ. 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಮರಳಿನ ಸ್ಫಟಿಕ ಒಮ್ಮೆಲೇ ಹಿಗ್ಗುತ್ತದೆ, ತಣಿಯುವಾಗ ಅಲ್ಲಿಯೇ ಕುಗ್ಗುತ್ತದೆ. ಅವಸರದಲ್ಲಿ ಆವಿಗೆ ಬಿಚ್ಚಿದವನಿಗೆ ಸಿಗುವುದು ಬೋಕಿ. ಅಜ್ಜನಿಗೆ ಆ ಅಂಕಿ ಬೇಕಿಲ್ಲ. ಬೂದಿಯ ಮೇಲೆ ಕೈಯಾಡಿಸಿ, “ಇನ್ನೂ ಬಿಡಬೇಕ್ರಿ” ಅನ್ನುತ್ತಾರೆ. ತೆಗೆದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿಯುತ್ತಾರೆ. ಖಣ್ ಎಂದರೆ ಮಾರಾಟಕ್ಕೆ, ದಬ್ ಎಂದರೆ ಪಕ್ಕಕ್ಕೆ.

ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕಿರುವ ಖಾನಾಪುರಕ್ಕೆ ಮಣ್ಣಿನ ನಂಟು ಹಳೆಯದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇದೇ ತಾಲ್ಲೂಕನ್ನು ದಾಟಿ ಹೋಗುತ್ತಾಳೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಮಾದರಿಯ ಮಾಡಿನ ಹಂಚುಗಳು ಇಲ್ಲಿಯೂ ತಯಾರಾದವು. ಇಟ್ಟಿಗೆ ಭಟ್ಟಿಗಳೂ ಎದ್ದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಈ ಊರಿನಲ್ಲೇ. ಆಯೋಗ 2018ರಿಂದ ದೇಶದ ಉದ್ದಗಲಕ್ಕೂ ವಿದ್ಯುತ್ ತಿಗರಿಗಳನ್ನು ಕೊಡುತ್ತ ಬಂದಿದೆ. ತೋಳು ಸೋತ ಕುಂಬಾರರಿಗೆ ಅದು ನಿಜವಾದ ಉಪಕಾರ. ಹಂಚಿನ ಕಷ್ಟ ಮಾತ್ರ ತಿಗರಿಯಿಂದ ಇಳಿದ ಮೇಲೆ ಶುರುವಾಗುವಂಥದ್ದು.

ಖಾನಾಪುರ ಅಕ್ಕಿಯ ಸೀಮೆ. ಅಕ್ಕಿ ರೊಟ್ಟಿ, ಅಂಬೋಳಿ, ಘಾವನ ಮಣ್ಣಿನ ಹಂಚಿನ ಮೇಲೆ ಸುಟ್ಟರೆ ಮೇಲ್ಮೈಯ ಪಸೆಯನ್ನು ಮಣ್ಣೇ ಹೀರಿಕೊಳ್ಳುತ್ತದೆ, ಕಾವು ನಿಧಾನವಾಗಿ ಏರುತ್ತದೆ, ತಳ ಹೊತ್ತುವುದು ಕಡಿಮೆ. ಹೊಸ ಹಂಚನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಎಣ್ಣೆ ಹಚ್ಚಿದ ಉಳ್ಳಾಗಡ್ಡಿ ತಿಕ್ಕಿ ಪಳಗಿಸಬೇಕು.

ಬೆಳಗಾವಿಗೆ ಬಂದರೆ ಅದೇ ಹಂಚು ಬೆನ್ನು ಮೇಲೆ ಮಾಡಿ ಕೂರುತ್ತದೆ. ಕುಂದಾದಷ್ಟೇ ಹೆಸರಾದ ಇಲ್ಲಿನ ಮಾಂಡೆಯನ್ನು, ಮದುವೆ ಮನೆಯ ಮಂಡಿಗೆಯನ್ನು, ಸುಡುವುದು ಬೋರಲು ಹಾಕಿದ ಪಾತ್ರೆಯ ಬೆನ್ನ ಮೇಲೆ. ಸಕ್ಕರೆ, ಖೋವಾ ತುಂಬಿದ ಕಣಕವನ್ನು ಎರಡೂ ಕೈಗಳ ಮೇಲೆ ತಿರುಗಿಸುತ್ತ ಹಿಗ್ಗಿಸಿ, ಕಾದ ಪಾತ್ರೆಯ ಮೇಲೆ ಹೊದಿಸಿ, ಗರಿಯಾಗುವ ಮೊದಲೇ ಮಡಚಬೇಕು. ಹನ್ನೆರಡನೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ಮಂಡಕದ ಮಾತಿದೆ. ಮನಸ್ಸಿನಲ್ಲೇ ಮಂಡಿಗೆ ತಿನ್ನುವ ನಮ್ಮ ಜನಕ್ಕೆ ಅದನ್ನು ಸುಡುವ ಪಾತ್ರೆಯ ನೆನಪೂ ಇರಬೇಕಿತ್ತು. ಈಗ ಆ ಜಾಗಕ್ಕೆ ಬಹುಮಟ್ಟಿಗೆ ಲೋಹದ ಕಡಾಯಿ ಬಂದಿದೆ.

ಚಪ್ಪಟೆ ತಳದ ಮೇಲೆ ಸುಡುವ ವಿದ್ಯೆ ಎಲ್ಲ ಕಡೆಯದು. ವೇಲ್ಸ್‌ನವರು ಕಬ್ಬಿಣದ ಹಂಚಿಗೂ ಬೇಕ್‌ಸ್ಟೋನ್ ಎಂದೇ ಕರೆಯುತ್ತಾರೆ, ಸ್ಕಾಟ್ಲೆಂಡಿನಲ್ಲಿ ಅದು ಗರ್ಡಲ್, ಅಮೆರಿಕದಲ್ಲಿ ಗ್ರಿಡಲ್. ಮೆಕ್ಸಿಕೋದ ಕೊಮಾಲ್ ಹಳ್ಳಿಗಳಲ್ಲಿ ಇನ್ನೂ ಮಣ್ಣಿನದೇ ಸಿಗುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಇಥಿಯೋಪಿಯಾ. ಅಲ್ಲಿ ಇಂಜೆರಾ ಎಂಬ ರೊಟ್ಟಿ ಸುಡುವ ಅಗಲವಾದ ಮಣ್ಣಿನ ಹಂಚು ಮಿತಾದ್. ವಿದ್ಯುತ್ ಬಂದಾಗ ಅವರು ಮಣ್ಣನ್ನು ಬಿಸಾಡಲಿಲ್ಲ. ಮಣ್ಣಿನ ಹಂಚಿಗೇ ತಂತಿಸುರುಳಿ ಅಳವಡಿಸಿದರು. ಇಂದು ಅಡಿಸ್ ಅಬಾಬಾದ ಮನೆಗಳಲ್ಲಿ ಪ್ಲಗ್ ಹಾಕಿದರೆ ಕಾಯುವುದು ಮಣ್ಣೇ.

ಇದು ನಮ್ಮಲ್ಲಿ ಯಾಕಾಗಬಾರದು? ಬೆಳಗಾವಿ ಎರಕದ ಊರು. ಉದ್ಯಮಬಾಗದ ಫೌಂಡ್ರಿಗಳು, ಯಂತ್ರದ ಶೆಡ್ಡುಗಳು, ಮೋಟಾರು ಸುತ್ತುವ ಕೈಗಳು ಇರುವುದು ಖಾನಾಪುರದ ಮಣ್ಣಿನಿಂದ ಗಂಟೆಯೊಳಗಿನ ದಾರಿಯಲ್ಲಿ. ಮಣ್ಣಿನ ಹಂಚನ್ನು ಅಡುಗೆಮನೆಯಿಂದ ಹೊರಗೆ ಹಾಕಿದ್ದು ರುಚಿಯಲ್ಲ, ಗ್ಯಾಸ್ ಒಲೆ. ಅದರ ಉಂಗುರದಂಥ ಉರಿ ಒಂದೇ ಸುತ್ತನ್ನು ಕಾಯಿಸಿ ಹಂಚನ್ನು ಒಡೆಯುತ್ತದೆ. ಕಾವು ತಳಕ್ಕೆಲ್ಲ ಸಮನಾಗಿ ಹರಡುವ ಒಂದು ಒಲೆ ಸಿಕ್ಕರೆ ಅಜ್ಜನ ಹಂಚಿಗೆ ಮತ್ತೆ ಅಡುಗೆಮನೆಯಲ್ಲಿ ಜಾಗ ಸಿಗುತ್ತದೆ. ಖಾನಾಪುರದ ಸಂಸ್ಥೆಯೂ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳೂ ಒಟ್ಟಿಗೆ ಕೂತು ಮಾಡಬಹುದಾದ ಕೆಲಸವಿದು.

ಸದ್ಯಕ್ಕೆ ಅಜ್ಜ ಹಂಚು ಮಾಡುವುದು ಯಾರಾದರೂ ಹೇಳಿ ಹೋದರೆ ಮಾತ್ರ. ಮಕ್ಕಳು ಹೂಕುಂಡ, ದೀಪ ಮಾಡುತ್ತಾರೆ. ಅವು ಬೇಗ ಒಣಗುತ್ತವೆ, ಬೇಗ ಮಾರಾಟವಾಗುತ್ತವೆ. ಘಟ್ಟದ ಮಳೆ ಹಿಡಿದರೆ ಆವಿಗೆ ಹಚ್ಚುವುದಕ್ಕೆ ಆಗದು. ಹಂಚು ಬೇಕೆನ್ನುವವರು ಯುಗಾದಿಗೆ ಮೊದಲೇ ಹೇಳಬೇಕು, ಎರಡು ಬೇಕಿದ್ದರೆ ಎರಡು ಎಂದೇ ಹೇಳಬೇಕು. “ಮುಂದಿನ ವರ್ಷ ನೋಡೂಣು ಅನಬ್ಯಾಡ್ರಿ” ಎಂದಷ್ಟೇ ಅವರು ಕೇಳಿಕೊಂಡರು.