ಹೆಸರಿಡುವ ಮೊದಲೇ ದಫ್ತರದಲ್ಲಿ

ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿ ದಿನ ತುಂಬದೆ ಹುಟ್ಟಿದ ಕೂಸಿಗೆ ಉಸಿರಾಟ ಕಷ್ಟವಾದರೆ, ಕಡೆಗೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯ ದಾರಿಯನ್ನೇ ಹಿಡಿಯಬೇಕು. ಇಂಥ ಕೂಸಿಗೆ ಇನ್ನೂ ಹೆಸರಿರುವುದಿಲ್ಲ. ‘ಇಂಥವರ ಕೂಸು’ ಎಂದು ತಾಯಿಯ ಹೆಸರಿನಲ್ಲೇ ದಾಖಲು. ತೂಕ ಎಷ್ಟು, ಎಷ್ಟನೇ ವಾರಕ್ಕೆ ಹುಟ್ಟಿತು, ನಂಜೋ ಕಾಮಾಲೆಯೋ, ಎಲ್ಲವೂ ತೊಟ್ಟಿಲಿಗೆ ಹಾಕುವ ಮೊದಲೇ ಕಂಪ್ಯೂಟರ್ ಸೇರುತ್ತವೆ.

ಹಿಂದೆ ಒಂದೊಂದು ಆಸ್ಪತ್ರೆಗೂ ತನ್ನದೇ ಉದ್ದನೆಯ ರಿಜಿಸ್ಟರ್, ತನ್ನದೇ ಲೆಕ್ಕ. ರಕ್ತದಲ್ಲಿ ರೋಗಾಣು ಬೆಳೆದರೆ ಮಾತ್ರ ನಂಜು ಎನ್ನಬೇಕೋ, ಕೂಸು ಹಾಲು ಬಿಟ್ಟು ಮಂಕಾದರೂ ಸಾಕೋ ಎಂಬುದು ಇತ್ಯರ್ಥವಾಗದೆ ಎರಡು ಊರಿನ ಅಂಕಿಗಳನ್ನು ಕೂಡಿಸುವಂತಿರಲಿಲ್ಲ. 1980ರಲ್ಲಿ ಹುಟ್ಟಿದ ನ್ಯಾಷನಲ್ ನಿಯೋನಾಟಾಲಜಿ ಫೋರಂ 1995ರಲ್ಲಿ ಈ ಗಂಟು ಬಿಡಿಸಲು ಕೂತಿತು. ಎಲ್ಲರಿಗೂ ಒಂದೇ ವ್ಯಾಖ್ಯೆ, ಒಂದೇ ನಮೂನೆ. 2002–03ರ ಹೊತ್ತಿಗೆ 18 ಆಸ್ಪತ್ರೆಗಳು ಈ ಲೆಕ್ಕಕ್ಕೆ ಸೇರಿದವು. ಆ ಸಾಲಿನ ವರದಿಯಲ್ಲಿ ನಂಜಿನ ಮುಖ್ಯ ಕಾರಣವಾಗಿ ಕಂಡದ್ದು ಕ್ಲೆಬ್ಸಿಯೆಲ್ಲಾ, ಆಸ್ಪತ್ರೆಯ ಸಿಂಕು, ನಳಿಕೆ, ಆರೈಕೆ ಮಾಡುವವರ ಕೈಗಳಲ್ಲೇ ಮನೆ ಮಾಡುವ ರೋಗಾಣು. ಉಳಿಸಲೆಂದು ಕಟ್ಟಿದ ಕೋಣೆಯೊಳಗೇ ಅಪಾಯವೂ ಇದ್ದೀತೆಂಬ ಅನುಮಾನಕ್ಕೆ ಅಂಕಿಯ ಬಲ ಬಂತು.

ಆದರೆ ಆ 18 ಬಹುಪಾಲು ದೊಡ್ಡ ಆಸ್ಪತ್ರೆಗಳು. ಜಿಲ್ಲಾಮಟ್ಟದ ವಿಶೇಷ ನವಜಾತ ಶಿಶು ಘಟಕ ಮೊದಲು ತೆರೆದದ್ದು 2003ರಲ್ಲಿ, ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ. ಆ ಮಾದರಿ ದೇಶಕ್ಕೆಲ್ಲ ಹಬ್ಬಿದಂತೆ, ಯುನಿಸೆಫ್ ನೆರವಿನಿಂದ ಆನ್‌ಲೈನ್ ದಾಖಲೆಯೂ ಬಂತು. ಅದರ ಕಲಮುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ‘ಇಲ್ಲೇ ಹುಟ್ಟಿದ್ದು, ಹೊರಗಿನಿಂದ ಬಂದದ್ದು’ ಎಂಬ ವಿಂಗಡಣೆ. ಹಳ್ಳಿಗಳಿಂದ ತಣ್ಣಗಾಗಿ ಬಂದ ಕೂಸುಗಳನ್ನೂ ಒಳಗೆ ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಸಾವು ಹೆಚ್ಚು ಕಂಡೇ ಕಾಣುತ್ತದೆ. ಈ ಕಲಮನ್ನೂ ತೂಕವನ್ನೂ ನೋಡದೆ ಆಸ್ಪತ್ರೆಗಳಿಗೆ ಅಂಕ ಕೊಡಹೊರಟರೆ, ಬಂದ ಕೂಸನ್ನು ಬೇರೆಡೆಗೆ ಸಾಗಹಾಕಿದವರೇ ಜಾಣರಾಗುತ್ತಾರೆ.

ದವಾಖಾನೆಯ ಲೆಕ್ಕ ಬಾಗಿಲಿನಿಂದ ಶುರು. ದಾರಿಯಲ್ಲೇ ಹೋದ ಜೀವ ಅದರಲ್ಲಿಲ್ಲ. ಇದಕ್ಕೆ ಉತ್ತರ ಹುಡುಕಿದವರು ಪಕ್ಕದ ಬೆಳಗಾವಿಯವರು. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಂತರರಾಷ್ಟ್ರೀಯ ಗ್ಲೋಬಲ್ ನೆಟ್‌ವರ್ಕ್‌ ಜೊತೆ ಸೇರಿ 2008ರ ಹೊತ್ತಿಗೆ ತಾಯಿ–ಶಿಶು ನೋಂದಣಿ ಹೂಡಿತು. ಆಯ್ದ ಹಳ್ಳಿಗಳ ಗರ್ಭಿಣಿಯರನ್ನು ಒಪ್ಪಿಗೆ ಪಡೆದು ಮೊದಲೇ ಬರೆದುಕೊಳ್ಳುವುದು, ಹೆರಿಗೆ ಎಲ್ಲೇ ಆಗಲಿ, ಆರು ವಾರದ ತನಕ ತಾಯಿ–ಕೂಸಿನ ಸುದ್ದಿ ಹಿಡಿಯುವುದು. ಸತ್ತು ಹುಟ್ಟಿದ್ದೂ ಮನೆಯಲ್ಲೇ ತೀರಿದ್ದೂ ಎಣಿಕೆಗೆ ಬಂದವು. ಎಷ್ಟು ಹೋದವು ಎಂಬುದಕ್ಕಿಂತ ಎಷ್ಟರಲ್ಲಿ ಎಷ್ಟು ಎಂಬ ಪ್ರಶ್ನೆ ಕಠಿಣ. ಅದಕ್ಕೆ ಊರನ್ನೇ ಸುತ್ತಬೇಕು.

ಅದೇ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ‘ಕಿಡ್‌ರಾಪ್’ ಯೋಜನೆಯೂ ಆರಂಭವಾಯಿತು. ಅವಧಿಗೆ ಮುನ್ನ ಹುಟ್ಟಿದವರ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಕುರುಡಾಗುವುದುಂಟು. ಅಮೆರಿಕದಲ್ಲಿ 1940ರ ದಶಕದಲ್ಲಿ ಸಾವಿರಾರು ಮಕ್ಕಳು ಹೀಗೆ ದೃಷ್ಟಿ ಕಳೆದುಕೊಂಡರು. ಅತಿಯಾದ ಆಮ್ಲಜನಕವೇ ಕಾರಣವೆಂದು ಹಲವು ಆಸ್ಪತ್ರೆಗಳು ಒಟ್ಟಾಗಿ ಲೆಕ್ಕ ಇಟ್ಟ ಮೇಲಷ್ಟೇ ಖಚಿತವಾಯಿತು. ಕಿಡ್‌ರಾಪ್‌ನ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲಾ ಆಸ್ಪತ್ರೆಗಳಿಗೆ ಹೋಗಿ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ. ಚಿತ್ರ ನೋಡಿ ಒಂದೊಂದು ಕೂಸಿಗೂ ಬಣ್ಣದ ಗುರುತು: ಕೆಂಪಾದರೆ ತುರ್ತು ಚಿಕಿತ್ಸೆ, ಕಿತ್ತಳೆಯಾದರೆ ಮತ್ತೆ ನೋಡಬೇಕು, ಹಸಿರಾದರೆ ಚಿಂತೆಯಿಲ್ಲ.

ತೊಡಕು ಇರುವುದು ಕಿತ್ತಳೆಯಲ್ಲಿ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ದಾಖಲೆಯಲ್ಲಿ ಕುಬಿಹಾಳ ಎಂದಿದ್ದರೂ ಬಾಣಂತಿ ಇರುವುದು ನವಲಗುಂದ ಕಡೆಯ ತವರುಮನೆಯಲ್ಲಿ. ಫೋನ್ ನಂಬರು ಗಂಡನದು. ಎರಡನೇ ಪರೀಕ್ಷೆಯ ದಿನ ಯಾವ ಊರಿನ ಆಶಾ ಕಾರ್ಯಕರ್ತೆ ಬಾಗಿಲು ತಟ್ಟಬೇಕು? ತಾಯಿ ಕಾರ್ಡಿನ ಸಂಖ್ಯೆ ಘಟಕದ ದಾಖಲೆಗೂ ಕಣ್ಣಿನ ದಾಖಲೆಗೂ ಒಂದೇ ಆಗಿ, ಡಿಸ್ಚಾರ್ಜ್ ವೇಳೆ ‘ಈಗ ಎಲ್ಲಿಗೆ ಹೋಗ್ತೀರವ್ವಾ?’ ಎಂದು ಕೇಳಿ ಬರೆದುಕೊಂಡರೆ ಅರ್ಧ ಕೆಲಸ ಆದಂತೆ. ಇದಕ್ಕೆ ಹೊಸ ಸಾಫ್ಟ್‌ವೇರೇನೂ ಬೇಕಿಲ್ಲ, ಇನ್ನೊಂದು ಕಲಮು ಸಾಕು.