ಕಾದ ಕಂಬಿಯಿಂದ ಕೊಳಲು, ಅದೇ ಬಿಸಿಯಿಂದ ಪಿಕಳಾರ

ತೆಂಗಳಿ ಊರಿನ ಹಿತ್ತಲಲ್ಲಿ ಬೆಳಿಗ್ಗೆ ಒಂದು ತಾಸು ಸುಮ್ಮನೆ ಕೂತು ನೋಡಿ. ಗೊರವಂಕ, ಬೆಳವ, ಪಿಕಳಾರ ಒಂದೊಂದೇ ಹಾಜರಿ ಹಾಕಿ ಹೋಗುತ್ತವೆ. ಈ ಹಕ್ಕಿಗಳನ್ನು ಕಟ್ಟಿಗೆಯ ಮೇಲೆ ಸುಟ್ಟು ಬರೆಯುವ ಕಲೆಗೆ ಪೈರೋಗ್ರಫಿ ಎನ್ನುತ್ತಾರೆ. ಬಿದಿರಿಗೆ ತೂತು ಹಾಕಿ ಕೊಳಲು ಮಾಡುವುದೂ ಹೆಚ್ಚುಕಡಿಮೆ ಇದೇ ಬೆಂಕಿ ಕೆಲಸ. ಹಾಗಾಗಿ ಎರಡನ್ನೂ ಒಟ್ಟಿಗೆ ಕಲಿಯಿರಿ ಎನ್ನುತ್ತೇನೆ.

ಮೊದಲು ಕೊಳಲು. ಗಟ್ಟಿ ಕಟ್ಟಿಗೆಯ ಕೊಳಲಿಗೆ ಉದ್ದಕ್ಕೂ ಒಳಗೆ ಕೊರೆಯಬೇಕು, ಲೇತ್ ಯಂತ್ರ ಬೇಕು. ಬಿದಿರಿನಲ್ಲಿ ಆ ಕೊಳವೆ ತಾನಾಗಿಯೇ ಇರುತ್ತದೆ. ‘ಚಿಂಚೋಳಿ ಕಾಡಲ್ಲಿ ಬಿದಿರು ಇದೆಯಲ್ಲ?’ ಎಂದು ಕೇಳುತ್ತೀರಿ. ಅಲ್ಲಿರುವುದು ವನ್ಯಜೀವಿಧಾಮ, ಕಡಿಯುವಂತಿಲ್ಲ. ಅಲ್ಲದೆ ಒಣಸೀಮೆಯ ಗಟ್ಟಿ ಬಿದಿರಿಗೆ ಒಳಗೆ ಟೊಳ್ಳು ಕಡಿಮೆ. ಅದು ಲಾಠಿಗೆ ಲೇಸು, ಕೊಳಲಿಗಲ್ಲ. ಕೊಳಲಿಗೆ ಹೆಸರಾದ ಉತ್ತರ ಪ್ರದೇಶದ ಪೀಲಿಭೀತ್‌ನವರೂ ತೆಳು ಗೋಡೆಯ ಬಿದಿರನ್ನು ಅಸ್ಸಾಮಿನಿಂದಲೇ ತರಿಸುತ್ತಾರೆ.

ಪೇಟಿಯ ಬಿಳಿ ಒಂದಕ್ಕೆ, ಅಂದರೆ ಸಿ ಸ್ವರಕ್ಕೆ, ಕೂಡುವ ಮಧ್ಯಮ ಕೊಳಲು ಸುಮಾರು 19 ಇಂಚು. ಒಳವ್ಯಾಸ 15 ಮಿಲಿಮೀಟರ್ ಆಸುಪಾಸು ಇರಲಿ. ಬಿದಿರನ್ನು ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ನನ್ನ ಮೊದಲ ತುಂಡನ್ನು ಮಾಳಿಗೆಯ ಬಿಸಿಲಿಗೆ ಹಾಕಿದ್ದೆ, ಮೂರೇ ದಿನಕ್ಕೆ ಉದ್ದಕ್ಕೆ ಸೀಳಿತು.

ಒಂದು ತುದಿಯ ಗೆಣ್ಣು ಮುಚ್ಚಿಯೇ ಇರಲಿ. ಅದು ಊದುವ ತೂತಿನಿಂದ ದೂರವಾದರೆ ನಡುವೆ ಕಾರ್ಕ್, ಅಂದರೆ ಬೆಂಡಿನ ಬಿರಡೆ, ತುರುಕಿ. ತೂತಿನ ನಡುವಿನಿಂದ ಬಿರಡೆಗೆ ಒಳವ್ಯಾಸದಷ್ಟೇ ಅಂತರ. ತೂತುಗಳ ಜಾಗಕ್ಕೆ ಸೂತ್ರ ಹುಡುಕುತ್ತ ಕೂರಬೇಡಿ. ಅದೇ ಅಳತೆಯ ಒಳ್ಳೆಯ ಕೊಳಲೊಂದನ್ನು ಪಕ್ಕದಲ್ಲಿಟ್ಟು ಗುರುತು ಹಾಕಿಕೊಳ್ಳಿ. ಸಣ್ಣ ತೂತು ಕೊರೆದು, ಇದ್ದಿಲಲ್ಲಿ ಕೆಂಪಗೆ ಕಾಯಿಸಿದ ಕಂಬಿಯನ್ನು ಒತ್ತಿ. ದೊಡ್ಡ ಡ್ರಿಲ್ ಬಿಟ್ಟರೆ ನಾರು ಸಿಗಿಯುತ್ತದೆ, ಬೆಂಕಿ ಸಿಗಿಯುವುದಿಲ್ಲ.

ಇನ್ನು ಶ್ರುತಿ. ಮೊಬೈಲಿಗೆ ಟ್ಯೂನರ್ ಹಾಕಿಕೊಳ್ಳಿ. ಇದು ಸ್ವರದ ಕಂಪನ ಅಳೆಯುವ ಆ್ಯಪ್. ಮೊದಲು ಊದುವ ತೂತು ಮಾತ್ರ ಮಾಡಿ ಊದಿ. ಕೊಳವೆಯ ತುದಿಯನ್ನು ಸ್ವಲ್ಪ ಸ್ವಲ್ಪವೇ ಸವೆಸುತ್ತ 392 ಹರ್ಟ್ಜ್‌ಗೆ ತನ್ನಿ. ಅದು ಕೆಳಗಿನ ಪ. ಬೆರಳಿನ ತೂತುಗಳನ್ನು ತುದಿಯ ಕಡೆಯಿಂದ ಸುಡುತ್ತ ಬನ್ನಿ. ಮೊದಲನೆಯದಕ್ಕೆ ದ, 440. ಎರಡನೆಯದಕ್ಕೆ ನಿ, 494. ಮೂರನೆಯದಕ್ಕೆ ಸ, 523. ಆಮೇಲೆ ರಿ 587, ಗ 659. ಆರೂ ತೆರೆದರೆ ತೀವ್ರ ಮ, 740. ಶುದ್ಧ ಮ ಬೇಕಾದಾಗ ಆರನೆಯದನ್ನು ಅರ್ಧ ಮುಚ್ಚಬೇಕು. ತೂತು ಹಿಗ್ಗಿದರೆ ಸ್ವರ ಏರುತ್ತದೆ, ಆದ್ದರಿಂದ ಚಿಕ್ಕದಾಗಿ ಶುರು ಮಾಡಿ. ಹೆಚ್ಚಾಯಿತೇ? ಅಂಚಿಗೆ ಜೇನುಮೇಣ ಮೆತ್ತಿ.

ಒಂದು ಮಾತು ಮರೆಯಬೇಡಿ. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಹೆಚ್ಚುತ್ತದೆ, ಸ್ವರವೂ ಏರುತ್ತದೆ. ನಮ್ಮ ಏಪ್ರಿಲ್ಲಿನ 40 ಡಿಗ್ರಿಯಲ್ಲಿ ಸರಿ ಮಾಡಿದ ಕೊಳಲು ಡಿಸೆಂಬರಿನ ಭಜನೆಯಲ್ಲಿ ಪೇಟಿಗಿಂತ ತಗ್ಗಿ ಕೇಳುತ್ತದೆ. ಬೇಸಿಗೆಯಲ್ಲಾದರೆ ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿ.

ಈಗ ಹಕ್ಕಿ. ನನ್ನ ಆಯ್ಕೆ ಪಿಕಳಾರ. ಸುಡುವ ಪೆನ್ನು ಕೊಡುವುದು ಕಂದು, ಕಪ್ಪು ಎರಡೇ. ಪಿಕಳಾರದ ಕಪ್ಪು ತಲೆ, ಗಿಡ್ಡ ಜುಟ್ಟು, ಬೆನ್ನಿನ ಮೀನಿನ ಹುರುಪೆಯಂಥ ಗೆರೆ ಎಲ್ಲ ಅದರಲ್ಲೇ ಬರುತ್ತವೆ. ಬಾಲದ ಬುಡದ ಮೇಲಿನ ಬಿಳಿಗೆ ಕಟ್ಟಿಗೆಯನ್ನು ಹಾಗೇ ಬಿಡಿ. ಬಾಲದಡಿಯ ಕೆಂಪು ಮಾತ್ರ ಬಾರದು. ಕೆಲವರು ಅಲ್ಲಿ ಬಣ್ಣ ಹಚ್ಚುತ್ತಾರೆ, ನನಗೆ ಅದು ಸೇರದು. ಪೆನ್ಸಿಲಿನಲ್ಲಿ ಬರೆದುಕೊಂಡು, ಪೆನ್ನನ್ನು ಒತ್ತದೆ ಮೆಲ್ಲಗೆ ಎಳೆಯಿರಿ. ನಿಂತಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಅದಕ್ಕೇ ಕಣ್ಣನ್ನು ಕೊನೆಗೆ ಇಡುವುದು. ಬಿಸಿ ಪೆನ್ನು ಇಡಲು ಒಂದು ತುಂಡು ಶಹಾಬಾದ್ ಕಲ್ಲು ಸಾಕು.

ಕಟ್ಟಿಗೆ ತೆಳುಬಣ್ಣದ್ದಿರಬೇಕು. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಚೆನ್ನ. ಜಾಲಿ ಬೇಡ, ಗಟ್ಟಿ, ಕಪ್ಪು. ಪ್ಲೈವುಡ್, ಎಂಡಿಎಫ್, ಬಣ್ಣ ಬಳಿದ ಹಲಗೆ ಬೇಡವೇ ಬೇಡ, ಅಂಟು ಸುಟ್ಟ ಹೊಗೆ ಎದೆಗೆ ಕೆಟ್ಟದ್ದು. ಕೊಳಲಿನ ಮೇಲೆಯೇ ಹಕ್ಕಿ ಬೇಕೆಂದರೆ ಆ ಜಾಗದ ನುಣುಪು ತೊಗಟೆಯನ್ನಷ್ಟೇ ಹೆರೆದು, ತೂತುಗಳಿಂದ ದೂರ, ತೆಳುವಾಗಿ ಸುಡಿ. ಆಳಕ್ಕಿಳಿದರೆ ಬಿರುಕು ಖಂಡಿತ.

ಖರ್ಚು ಹೆಚ್ಚಿಲ್ಲ. 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಅಂದರೆ ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ, ಸುಮಾರು 200–300 ರೂಪಾಯಿ. ಕಲಿಯಲು ಅದು ಸಾಕು. ಹತ್ತು ತಾಸು ಉರಿದರೂ ಕಾಲು ಯೂನಿಟ್ ಕರೆಂಟು. ಬಿಸಿ ಹೆಚ್ಚುಕಡಿಮೆ ಮಾಡುವ ಪೆನ್ನಿಗೆ ಸಾವಿರದ ಆಸುಪಾಸು. ಬಿದಿರು ಸಿಗುವ ತನಕ ಎಲೆಕ್ಟ್ರಿಕ್ ಅಂಗಡಿಯ ಪಿವಿಸಿ ಪೈಪಿನಲ್ಲಿ ಅಭ್ಯಾಸ ಮಾಡಿ. ಅದನ್ನು ಮಾತ್ರ ಡ್ರಿಲ್ಲಿನಿಂದಲೇ ಕೊರೆಯಿರಿ, ಸುಟ್ಟರೆ ವಿಷದ ಹೊಗೆ.

ಹಲಗೆಗೆ ವಾಡಿ, ಸೇಡಂ ಕಡೆಯ ಗುಜರಿ ಅಂಗಡಿಗಳಲ್ಲಿ ಕೇಳಿ ನೋಡಿ. ಯಂತ್ರಗಳು ಬರುವ ಪೆಟ್ಟಿಗೆಗಳದ್ದು ಹೆಚ್ಚಾಗಿ ಬಿಳಿ ಪೈನ್ ಕಟ್ಟಿಗೆ. ವಿದೇಶದಿಂದ ಬಂದದ್ದಕ್ಕೆ ಗೋಧಿ ತೆನೆಯ ಚಿತ್ರದ ಮುದ್ರೆ ಇರುತ್ತದೆ. ಅದರ ಪಕ್ಕ ಇಂಗ್ಲಿಷಿನಲ್ಲಿ ಎಚ್‌ಟಿ ಎಂದಿದ್ದರೆ ಶಾಖದಿಂದ ಹುಳ ಕೊಂದದ್ದು, ತನ್ನಿ. ಎಂಬಿ ಎಂದಿದ್ದರೆ ವಿಷಾನಿಲ ಹಾಕಿದ್ದು, ಅಲ್ಲೇ ಬಿಟ್ಟು ಬನ್ನಿ.