ಮಣ್ಣಿನ ಮಾಳಿಗೆಯ ಮನೆಗಳು: ಅವುಗಳ ಗುಣವೂ ಭಾರವೂ

ಚಿತ್ರದುರ್ಗದಿಂದ ಉತ್ತರಕ್ಕೆ ಬಳ್ಳಾರಿ, ರಾಯಚೂರು, ಕಲಬುರಗಿ ಸೀಮೆಗಳ ಗ್ರಾಮಗಳಲ್ಲಿ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆಯ ಮನೆಗಳು ಇಂದಿಗೂ ಕಾಣಬರುತ್ತವೆ. ಕೆಲವು ಕಡೆ ಇವನ್ನು ಮೇಲ್ಮುದ್ದೆಯ ಮನೆಗಳೆಂದು ಕರೆಯುವುದುಂಟು. ವೈಶಾಖದ ಬಿಸಿಲಿನಲ್ಲಿ ತಗಡಿನ ಮನೆಯೊಳಗೆ ನಿಲ್ಲಲಾರದವನು ಇಂಥ ಮನೆಯ ಪಡಸಾಲೆಯಲ್ಲಿ ಸುಖವಾಗಿ ನಿದ್ರಿಸುವನೆಂಬುದು ಸರ್ವರಿಗೂ ತಿಳಿದ ವಿಷಯ. ಆದರೆ ಮಳೆಗಾಲದಲ್ಲಿ ಅದೇ ಮಾಳಿಗೆ ಕುಸಿದು, ಮಲಗಿದವರು ಮಲಗಿದಲ್ಲಿಯೇ ಮಡಿದ ಪ್ರಸಂಗಗಳೂ ಉಂಟು. ಇವೆರಡಕ್ಕೂ ಕಾರಣವಾದ ಮಣ್ಣಿನ ಸ್ವಭಾವವನ್ನು ಅರಿತು ಕಟ್ಟುವುದೂ ಕಾಪಾಡುವುದೂ ಅವಶ್ಯಕ.

ತಂಪಿಗೆ ಕಾರಣ:— ಮಣ್ಣಿನಲ್ಲಿ ಶಾಖವು ಬಹು ನಿಧಾನವಾಗಿ ಸಂಚರಿಸುತ್ತದೆ. ಮಧ್ಯಾಹ್ನದ ಬಿಸಿಲು ಒಂದು ಅಡಿ ದಪ್ಪದ ಮಣ್ಣನ್ನು ದಾಟಿ ಕೆಳಗೆ ತಲಪುವಷ್ಟರಲ್ಲಿ ಎಂಟು ಹತ್ತು ಗಂಟೆಗಳು ಕಳೆದಿರುತ್ತವೆ; ತಲಪುವ ಶಾಖವೂ ಅತ್ಯಲ್ಪ. ಅಷ್ಟರಲ್ಲಿ ರಾತ್ರಿಯಾಗಿ ಮೇಲಿನ ಮಣ್ಣು ಆರತೊಡಗುತ್ತದೆ. ಹತ್ತು ಹದಿನೈದು ಅಡಿ ಆಳದಲ್ಲಿಯಾದರೋ ಬೇಸಗೆ ಚಳಿಗಾಲಗಳ ವ್ಯತ್ಯಾಸವೂ ಬಹಳ ಕಡಮೆ. ಹಗೇವಿನೊಳಗೆ ಜೋಳವು ಕೆಡದೆ ಉಳಿಯುವುದಕ್ಕೆ ಗಾಳಿಯ ಅಭಾವದೊಡನೆ ಇದೂ ಒಂದು ಕಾರಣ.

ಚೌಳು ಮಣ್ಣಿನ ಉಪಯೋಗ:— ತೊಲೆ, ಜಂತೆಗಳ ಮೇಲೆ ಚಕ್ಕೆ ಅಥವಾ ಬಿದಿರು ಹಾಸಿ, ಬೇವು ಲಕ್ಕಿಗಳಂಥ ಕಹಿ ಸೊಪ್ಪನ್ನು ಹರಡಿ, ಹೊಟ್ಟು ಬೆರಸಿ ಕೊಳೆಸಿ ತುಳಿದ ಮಣ್ಣನ್ನು ಮೆತ್ತಿ, ಕಡೆಗೆ ಚೌಳು ಮಣ್ಣನ್ನು ಹರಡುವುದು ರೂಢಿ. ಚೌಳಿನಲ್ಲಿರುವ ಸೋಡಿಯಂ ಲವಣಗಳ ದೆಸೆಯಿಂದ ಜೇಡಿಯ ಕಣಗಳು ನೀರು ತಗಲಿದೊಡನೆ ಬಿಡಿಬಿಡಿಯಾಗಿ ಸೂಕ್ಷ್ಮರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಇಂಗದೆ ಹರಿದುಹೋಗುತ್ತದೆ. ಹೊಲದಲ್ಲಿ ಪೈರನ್ನು ಕೆಡಿಸುವ ದೋಷವೇ ಮಾಳಿಗೆಯ ಮೇಲೆ ಗುಣವಾಗುತ್ತದೆ. ಆದರೆ ಬಿಡಿಯಾದ ಕಣಗಳು ಮಳೆಯೊಡನೆ ಕೊಚ್ಚಿಹೋಗುವುದರಿಂದ ಪ್ರತಿವರ್ಷ ಹೊಸ ಮಣ್ಣು ಬೇಕಾಗುತ್ತದೆ. ಕೇಡಿಗೆ ಮೂಲವಿರುವುದು ಇಲ್ಲಿಯೇ.

ಭಾರದ ಲೆಕ್ಕ:— ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋಗ್ರಾಂ ತೂಗುತ್ತದೆ; ನೆನೆದರೆ 50ಕ್ಕೂ ಮೀರುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಅಂಕಣದ ಮೇಲೆ ಒಂದು ಅಡಿ ಮಣ್ಣಿದ್ದರೆ 4,500 ಕಿಲೋಗ್ರಾಂ ಆಯಿತು. ಐವತ್ತು ಕಿಲೋಗ್ರಾಂ ತೂಕದ ತೊಂಬತ್ತು ಚೀಲ ಧಾನ್ಯವನ್ನು ಮಾಳಿಗೆಯ ಮೇಲೆ ಪೇರಿಸಿದಂತೆ! ತಂದೆಯ ಕಾಲದಿಂದ ಹಳೆಯದನ್ನು ತೆಗೆಯದೆ ಹೊಸದನ್ನು ಹಾಕುತ್ತ ಬಂದರೆ, ಹೆಚ್ಚಿದ ಪ್ರತಿ ಮೂರು ಅಂಗುಲಕ್ಕೂ ಇಪ್ಪತ್ತೆರಡು ಚೀಲಗಳಷ್ಟು ಭಾರ ಕೂಡಿಕೊಳ್ಳುತ್ತದೆ. ತೊಲೆಯಾದರೋ ವರ್ಷವರ್ಷಕ್ಕೆ ಗೆದ್ದಲು ತಿಂದು ಬಡವಾಗುತ್ತಿರುತ್ತದೆ.

1993ನೆಯ ಇಸವಿ ಸೆಪ್ಟೆಂಬರ್ 30ರ ನಸುಕಿನಲ್ಲಿ, ಕರ್ನಾಟಕದ ಗಡಿಗೆ ಸಮೀಪವಾದ ಮಹಾರಾಷ್ಟ್ರದ ಕಿಲ್ಲಾರಿಯ ಪ್ರಾಂತದಲ್ಲಿ ಭೂಕಂಪವಾದಾಗ ಒಂಬತ್ತು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಅಲ್ಲಿಯ ಮನೆಗಳೂ ಬಹುಮಟ್ಟಿಗೆ ಈ ಬಗೆಯವೇ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಹೊರೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಅಸಂಖ್ಯಾತ ಮಣ್ಣಿನ ಮನೆಗಳು ನೆಲಸಮವಾದುವು.

ಅನುಸರಿಸತಕ್ಕ ಕ್ರಮ:—

(1) ಮಾಳಿಗೆಯ ಮಣ್ಣು ಎಂಟು ಅಂಗುಲವನ್ನು ಮೀರಕೂಡದು. ಹೊಸ ಚೌಳು ಹಾಕುವ ಮುನ್ನ ಅಷ್ಟೇ ಪ್ರಮಾಣದ ಹಳೆಯ ಮಣ್ಣನ್ನು ಕೆರೆದು ಇಳಿಸತಕ್ಕದ್ದು. ಮಣ್ಣಿನ ಪದರಗಳ ನಡುವೆ ದಪ್ಪನಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದರೆ ತೆಳು ಮಾಳಿಗೆಯೂ ಸೋರುವುದಿಲ್ಲ.

(2) ಪ್ರತಿ ಮೂರು ಅಡಿಗೆ ಒಂದು ಅಂಗುಲದಂತೆ ಇಳಿಜಾರು ಕೊಟ್ಟು, ನೀರಿನ ದೋಣಿಗಳನ್ನು ಗೋಡೆಯಿಂದ ಎರಡು ಅಡಿ ಹೊರಕ್ಕೆ ಚಾಚಬೇಕು. ಗೋಡೆಯ ಬುಡದಲ್ಲಿ ನೀರು ನಿಲ್ಲಬಾರದು.

(3) ಕಲ್ಲಿನ ಗೋಡೆಯನ್ನು ಎರಡು ಮುಖಗಳಾಗಿ ಕಟ್ಟಿ ನಡುವೆ ಜಲ್ಲಿ ತುಂಬಿದರೆ ಅದು ಸೀಳಿ ಬೀಳುತ್ತದೆ. ಪ್ರತಿ ಎರಡು ಅಡಿ ಎತ್ತರಕ್ಕೆ, ನಾಲ್ಕು ಅಡಿಗೊಂದರಂತೆ, ಗೋಡೆಯ ಪೂರ್ತಿ ದಪ್ಪವನ್ನು ಹಾಯುವ ಕಲ್ಲುಗಳನ್ನು ಇಡಬೇಕು.

(4) ಮಾಳಿಗೆಯ ಭಾರವನ್ನು ಗೋಡೆಗೆ ಬಿಡದೆ ಕಂಬ, ಬೋದಿಗೆ, ತೊಲೆಗಳೇ ಹೊರುವಂತೆ ಮಾಡಿ, ಕಂಬಕ್ಕೂ ತೊಲೆಗೂ ಓರೆಯಾಗಿ ಮರದ ಆನಿಕೆ ಕೊಟ್ಟು ಬಿಗಿಯುವುದು ಲೇಸು.

(5) ಇಳಿಜಾರಿನಲ್ಲಿ ಹಿಂಗೋಡೆಗೆ ಮಣ್ಣು ಒತ್ತರಿಸಿ ಕಟ್ಟುವವರು ಗೋಡೆಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಿ, ನೀರು ಹೊರಹೋಗಲು ಕಾಲುವೆ ಬಿಡಬೇಕು. ಇಂಥ ಮನೆಗೆ ಗಾಳಿಬೆಳಕುಗಳ ಕಿಂಡಿ ಅತ್ಯಗತ್ಯ.

ಮುಂಗಾರಿಗೆ ಮೊದಲು ಪರೀಕ್ಷೆ:— ತೊಲೆಯ ಕೆಳಗೆ ತುದಿಯಿಂದ ತುದಿಗೆ ದಾರ ಹಿಡಿದರೆ ಅದು ಬಾಗಿರುವುದು ತಿಳಿಯುತ್ತದೆ. ಗೋಡೆಯನ್ನು ಹೊಕ್ಕ ತೊಲೆಯ ತುದಿಯನ್ನು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಬೇಕು. ಸಲೀಸಾಗಿ ಇಳಿದರೆ ಮರ ಕೆಟ್ಟಿದೆಯೆಂದರ್ಥ. ಹೊಟ್ಟೆ ಬಿಟ್ಟ ಗೋಡೆ, ಮೇಲಿನಿಂದ ಉದುರುವ ಮಣ್ಣು, ಹೊಸ ಬಿರುಕು, ಇವು ಕುಸಿತದ ಮುನ್ಸೂಚನೆಗಳು. ಜಡಿಮಳೆಯಲ್ಲಿ ಸೋರಿತೆಂದು ಮೇಲೇರಿ ಮಣ್ಣು ಸುರಿಯುವುದು ನೆನೆದ ಹೊರೆಯ ಮೇಲೆ ಮತ್ತೊಂದು ಹೊರೆ ಇಟ್ಟಂತೆ. ಅಂಥ ಸಮಯದಲ್ಲಿ ತಾಡಪಾಲು ಹೊದಿಸಿ, ಒಳಗೆ ಊರೆಗಂಬ ಕೊಟ್ಟು, ಮಕ್ಕಳನ್ನೂ ವೃದ್ಧರನ್ನೂ ಬೇರೆಡೆ ಮಲಗಿಸತಕ್ಕದ್ದು.

ಬಡ ರೈತನು ದುರಸ್ತಿಯನ್ನು ಮುಂದಿನ ವರ್ಷಕ್ಕೆ ದೂಡುವುದು ಸಹಜ. ಆದುದರಿಂದ ಗ್ರಾಮದ ಮುಖಂಡರು ಚೈತ್ರ ವೈಶಾಖಗಳಲ್ಲಿಯೇ ಊರಿನ ಹಳೆಯ ಮಾಳಿಗೆಗಳನ್ನು ಒಮ್ಮೆ ನೋಡಿಬರುವುದೂ, ಜಮೀನ್ದಾರರು ತಮ್ಮ ಆಳುಗಳ ಮನೆಗಳಿಗೆ ಮರವನ್ನೂ ಗಾಡಿಯನ್ನೂ ಒದಗಿಸುವುದೂ ಉಚಿತ. ನಾಲ್ಕಾಳಿನ ಎರಡು ದಿನದ ಕೆಲಸದಿಂದ ಒಂದು ಸಂಸಾರವು ಉಳಿಯುವುದಾದರೆ ಅದಕ್ಕಿಂತ ಲಾಭವಾದ ಬೇಸಾಯವಿಲ್ಲ.